ಸ್ಮಶಾನದಿಂದ ತಿಂಡಿಯ ಮೇಜಿನವರೆಗೆ

ಭೂಕಂಪವಾಗಿ ಗುಡ್ಡವೊಂದರ ಮೈ ಬಿರಿದಿದೆ. ಬಿರಿದ ಬಂಡೆಯ ತುಂಬ ತೂತುಗಳು. ಒಂದೊಂದೂ ಮನುಷ್ಯನ ಆಕಾರದ್ದು: ತಲೆ, ಭುಜ, ಕೈ, ಕಾಲು ಎಲ್ಲವನ್ನೂ ಅಚ್ಚು ಹಾಕಿ ಕೊರೆದಂತಿದೆ. ಟೀವಿಯಲ್ಲಿ ಸುದ್ದಿ ನೋಡಿದ ಜನ ದೂರದೂರದಿಂದ ಬರುತ್ತಾರೆ. ಬಂದವರಲ್ಲಿ ಒಬ್ಬ ಯಾವುದೋ ಒಂದು ತೂತಿನ ಮುಂದೆ ನಿಂತುಬಿಡುತ್ತಾನೆ. ಇದು ನನ್ನದು, ನನಗೆಂದೇ ಕೊರೆದದ್ದು ಅನ್ನುತ್ತಾನೆ. ಬಟ್ಟೆ ಕಳಚಿ ಹೊಕ್ಕರೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂರುತ್ತದೆ. ಒಳಗೊಳಗೆ ಸರಿಯುತ್ತಾ ಹೋಗುತ್ತಾನೆ. ಹಿಂದಕ್ಕೆ ಬರಲು ಮಾತ್ರ ಆಗುವುದಿಲ್ಲ.

ಇದು ಜಪಾನಿನ ಮಾಂಗಾ (ಚಿತ್ರಕಥೆ) ಕಲಾವಿದ ಜುಂಜಿ ಇತೊ ಬರೆದ, ಅಮಿಗಾರಾ ಎಂಬ ಗುಡ್ಡದ ಬಿರುಕಿನ ಕಥೆ. ಉದ್ದ ಹೆಚ್ಚುಕಡಿಮೆ ಮೂವತ್ತು ಪುಟ. ಅದರಲ್ಲಿ ದೆವ್ವವಿಲ್ಲ, ಅಟ್ಟಿಸಿಕೊಂಡು ಬರುವ ಕೊಲೆಗಾರನಿಲ್ಲ. ಹಾರರ್ ಮಾಂಗಾ ಓದಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದವರಿಗೆ ನಾನು ಮೊದಲು ಕೊಡುವುದು ಇದನ್ನೇ. ಓದಿ ಮುಗಿಸಿದವರ ಎರಡನೆಯ ಪ್ರಶ್ನೆ ಸಾಮಾನ್ಯವಾಗಿ ಒಂದೇ ಇರುತ್ತದೆ: ದೆವ್ವಭೂತಗಳ ನಾಡಾದ ಜಪಾನಿನ ಚಿತ್ರಕಥೆ, ಬರಿಯ ಒಂದು ತೂತಿನಿಂದ ಹೆದರಿಸುವ ಮಟ್ಟಕ್ಕೆ ಬಂದದ್ದು ಹೇಗೆ? ಅದಕ್ಕೆ ಉತ್ತರ ಅರವತ್ತು ಚಿಲ್ಲರೆ ವರ್ಷಗಳ ಒಂದು ಪ್ರಯಾಣ. ಸ್ಮಶಾನದಲ್ಲಿ ಹುಟ್ಟಿದ ಭಯ ಈ ಪ್ರಯಾಣದಲ್ಲಿ ಊರಿಗೆ ಬಂತು, ಮನೆ ಹೊಕ್ಕಿತು, ಕೊನೆಗೆ ನಮ್ಮ ಮೈಯನ್ನೇ ಹೊಕ್ಕಿತು. ಓದಬೇಕಾದ ಪುಸ್ತಕಗಳೆಲ್ಲ ಈ ದಾರಿಯುದ್ದಕ್ಕೂ ಸಿಗುತ್ತವೆ.

ಗೋರಿಯಿಂದ ಎದ್ದ ಹುಡುಗ

ಜಪಾನಿನವರಿಗೆ ಭೂತಗಳನ್ನು ಚಿತ್ರಿಸುವ ಚಾಳಿ ಹಳೆಯದು. ತೊರಿಯಾಮಾ ಸೆಕಿಯೆನ್ ಎಂಬ ಕಲಾವಿದ 1776ರಲ್ಲೇ ನಾಡಿನ ಭೂತಪಿಶಾಚಿಗಳನ್ನು ಒಂದೊಂದು ಪುಟಕ್ಕೆ ಒಂದರಂತೆ ಬರೆದು ಪುಸ್ತಕ ಮಾಡಿದ್ದ. ಇವುಗಳಿಗೆ ಅಲ್ಲಿ 'ಯೋಕಾಯ್' ಎಂಬ ಹೆಸರು. ಯೋಕಾಯ್‌ಗಳಲ್ಲಿ ಕೆಡುಕು ಮಾಡುವವುಂಟು, ಕೀಟಲೆ ಮಾಡುವವುಂಟು, ಸುಮ್ಮನೆ ಮೂಲೆಯಲ್ಲಿ ಕೂತಿರುವವೂ ಉಂಟು.

ಇವನ್ನು ಮಾಂಗಾಕ್ಕೆ ತಂದವರು ಶಿಗೆರು ಮಿಜುಕಿ (1922–2015). ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿ ಪೆಸಿಫಿಕ್ ಸಾಗರದ ರಬೌಲ್‌ಗೆ ಹೋದ ಮಿಜುಕಿ ಅಲ್ಲಿನ ಬಾಂಬ್ ದಾಳಿಯಲ್ಲಿ ಎಡಗೈ ಕಳೆದುಕೊಂಡರು. ಊರಿಗೆ ಮರಳಿದ ಮೇಲೆ ಹೊಟ್ಟೆಪಾಡಿಗೆ 'ಕಾಮಿಶಿಬಾಯ್' ಚಿತ್ರಗಳನ್ನು ಬರೆದರು. ಸೈಕಲ್ಲಿನ ಹಿಂದೆ ಮರದ ಚೌಕಟ್ಟು ಕಟ್ಟಿಕೊಂಡು ಬೀದಿಬೀದಿ ಸುತ್ತಿ, ಮಕ್ಕಳಿಗೆ ಮಿಠಾಯಿ ಮಾರಿ, ಚಿತ್ರದ ಹಾಳೆಗಳನ್ನು ಒಂದೊಂದಾಗಿ ಸರಿಸುತ್ತಾ ಕಥೆ ಹೇಳುವ ಆಟವದು. ಟೀವಿ ಬಂದು ಆ ಆಟ ಸೊರಗಿತು. ಮಿಜುಕಿ ಬಾಡಿಗೆ ಪುಸ್ತಕದಂಗಡಿಗಳಿಗೆ ಮಾಂಗಾ ಬರೆಯತೊಡಗಿದರು. ನಮ್ಮ ಊರುಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ದಿನಕ್ಕಿಷ್ಟು ಎಂದು ಕೊಟ್ಟು ಕಾದಂಬರಿ ತಂದು ಓದಿದವರಿಗೆ ಆ ಅಂಗಡಿಗಳ ವ್ಯವಹಾರವನ್ನು ವಿವರಿಸಬೇಕಾಗಿಲ್ಲ.

ಕಿತಾರೊ ಎಂಬ ಹುಡುಗನ ಕಥೆ ಅದಕ್ಕೂ ಮೊದಲೇ, 1930ರ ದಶಕದ ಕಾಮಿಶಿಬಾಯ್ ಆಟಗಳಲ್ಲಿ ಓಡಾಡಿತ್ತು. ಮಿಜುಕಿ ಅವನನ್ನು ತಮ್ಮವನನ್ನಾಗಿ ಮಾಡಿಕೊಂಡು 1960ರಲ್ಲಿ ಬಾಡಿಗೆ ಮಾಂಗಾಕ್ಕೆ, 1965ರಲ್ಲಿ 'ಶೋನೆನ್ ಮ್ಯಾಗಜೀನ್' ವಾರಪತ್ರಿಕೆಗೆ ತಂದರು. ಕಿತಾರೊ ಸತ್ತ ತಾಯಿಯ ಗೋರಿಯಿಂದ ಎದ್ದು ಬಂದವನು. ತಂದೆಯ ದೇಹ ಕೊಳೆತುಹೋಗಿ ಉಳಿದದ್ದು ಒಂದು ಕಣ್ಣುಗುಡ್ಡೆ. ಆ ಗುಡ್ಡೆಗೇ ಪುಟ್ಟ ಕೈಕಾಲು ಮೂಡಿ, ಬಟ್ಟಲಿನ ಬಿಸಿನೀರಿನಲ್ಲಿ ಸ್ನಾನ ಮಾಡುತ್ತಾ ಮಗನಿಗೆ ಬುದ್ಧಿ ಹೇಳುತ್ತಿರುತ್ತದೆ. ಹೆದರಿಕೆಯೂ ಅಕ್ಕರೆಯೂ ಒಂದೇ ಚೌಕದಲ್ಲಿ. ಭೂತಕ್ಕೂ ಮನುಷ್ಯನಿಗೂ ನಡುವೆ ಕಿತಾರೊ ಪಂಚಾಯ್ತಿ ಮಾಡುವವನು. ಮಕ್ಕಳಿರುವ ಮನೆಗೆ ತರಬಹುದಾದ ಮೊದಲ ಪುಸ್ತಕ ಇದೇ. ದೊಡ್ಡವರು ಮಿಜುಕಿಯವರ 'ನೊನ್ನೊನ್‌ಬಾ' ಓದಬೇಕು. ಬಾಲ್ಯದಲ್ಲಿ ತನಗೆ ಭೂತಗಳ ಲೋಕ ತೋರಿಸಿದ ಅಜ್ಜಿಯೊಬ್ಬಳ ನೆನಪಿನ ಆ ಪುಸ್ತಕಕ್ಕೆ 2007ರಲ್ಲಿ ಫ್ರಾನ್ಸಿನ ಅಂಗುಲೆಮ್ ಚಿತ್ರಕಥಾ ಉತ್ಸವದ ಶ್ರೇಷ್ಠ ಕೃತಿ ಪ್ರಶಸ್ತಿ ಬಂತು.

ಹಾವಾದ ಅಮ್ಮ

ಮಿಜುಕಿಯವರ ಭೂತಗಳಿಗೆ ಹೊರಗೆ ಕಾಡು, ಕೆರೆ, ಗೋರಿ ಎಂಬ ವಿಳಾಸವಿತ್ತು. ಅವನ್ನು ಮನೆಯೊಳಕ್ಕೆ ಕರೆತಂದವರು ಕಜುವೊ ಉಮೆಜು (1936–2024). 1960ರ ದಶಕದ ನಡುವಿನಲ್ಲಿ ಅವರು ಬರೆಯುತ್ತಿದ್ದದ್ದು ಹುಡುಗಿಯರ ಪತ್ರಿಕೆಗೆ. ಅಲ್ಲಿ ತಾಯಿ ಎಂದರೆ ತ್ಯಾಗಮಯಿ, ಕಣ್ಣೀರ ಮೂರ್ತಿ. ಉಮೆಜು ಆ ತಾಯಿಯ ಜಾಗದಲ್ಲಿ ಹಾವಿನ ಹೆಣ್ಣೊಬ್ಬಳನ್ನು ತಂದು ಕೂರಿಸಿದರು. ಮುಖ ಅಮ್ಮನದೇ, ಉಡುಗೆಯೂ ಅಮ್ಮನದೇ. ಒಳಗಿರುವುದು ಬೇರೆ ಎಂಬುದು ಮಗಳೊಬ್ಬಳಿಗೆ ಮಾತ್ರ ಗೊತ್ತು, ಹೇಳಿದರೆ ನಂಬುವವರಿಲ್ಲ. ಹಾವಿನ ಈ ಕಥೆಗಳು ಇಂಗ್ಲಿಷಿನಲ್ಲಿ 'ರೆಪ್ಟಿಲಿಯಾ' ಎಂಬ ಹೆಸರಿನಲ್ಲಿ ಸಿಗುತ್ತವೆ.

ಉಮೆಜು ಅವರ ದೊಡ್ಡ ಕೃತಿ 'ದ ಡ್ರಿಫ್ಟಿಂಗ್ ಕ್ಲಾಸ್‌ರೂಮ್' (1972–74). ಆರನೆಯ ತರಗತಿಯ ಶೋ ಎಂಬ ಹುಡುಗ ಬೆಳಗ್ಗೆ ಅಮ್ಮನ ಜೊತೆ ಜಗಳವಾಡಿ ಶಾಲೆಗೆ ಹೋಗುತ್ತಾನೆ. ಅಷ್ಟರಲ್ಲಿ ಇಡೀ ಶಾಲೆ, ಕಟ್ಟಡ ಮೇಷ್ಟ್ರು ಮಕ್ಕಳ ಸಮೇತ, ನೆಲದಿಂದ ಕಿತ್ತಂತೆ ಮಾಯವಾಗಿ ಮುಂದಿನ ಯಾವುದೋ ಕಾಲದ ಮರಳುಗಾಡಿನಲ್ಲಿ ನಿಲ್ಲುತ್ತದೆ. ಮೊದಲು ಬುದ್ಧಿ ಕೆಡುವುದು ದೊಡ್ಡವರಿಗೆ. ಆಮೇಲೆ ಹಸಿವು, ರೋಗ, ಮಕ್ಕಳೊಳಗಿನ ಯುದ್ಧ. ಇತ್ತ ಹಿಂದಿನ ಕಾಲದಲ್ಲೇ ಉಳಿದ ತಾಯಿ, ಮಗ ಇದ್ದಾನೆಂಬ ಹಟ ಬಿಡುವುದಿಲ್ಲ. ಹೋಟೆಲ್ ಕೋಣೆಯೊಂದರ ಗೋಡೆಯೊಳಗೆ ಅವಳು ಹುದುಗಿಸಿಟ್ಟ ಚಾಕು, ಎಷ್ಟೋ ಕಾಲದ ಮೇಲೆ ಪಾಳುಬಿದ್ದ ಅದೇ ಕಟ್ಟಡದಲ್ಲಿ ಮಗನ ಕೈಗೆ ಸಿಗುತ್ತದೆ. ತಾಯಿಯನ್ನು ಹಾವಾಗಿಸಿದವರೇ ಬರೆದ ಕಥೆಯಿದು. ಚಿತ್ರಗಳು ಈಗ ಹಳತೆನಿಸಬಹುದು, ಮಕ್ಕಳ ಬಾಯಿ ಪ್ರತಿ ಪುಟದಲ್ಲೂ ಕಿರುಚಿ ತೆರೆದೇ ಇರುತ್ತದೆ. ಆದರೂ ಕೈಗೆತ್ತಿಕೊಂಡರೆ ಇಳಿಸಲಾಗದು.

ಕೆಂಪು-ಬಿಳಿ ಪಟ್ಟೆಯ ಅಂಗಿ ತೊಟ್ಟೇ ಓಡಾಡುತ್ತಿದ್ದ ಉಮೆಜು, ಟೋಕಿಯೊದ ತಮ್ಮ ಮನೆಗೂ ಅದೇ ಪಟ್ಟೆ ಬಳಿಸಿದರು. ಕಣ್ಣು ಕುಕ್ಕುತ್ತದೆಂದು ನೆರೆಯವರು ಕೋರ್ಟಿಗೆ ಹೋದರು. 2009ರಲ್ಲಿ ತೀರ್ಪು ಉಮೆಜು ಅವರ ಪರವಾಗಿ ಬಂತು.

ಹಲ್ಲು ಮಾಡುತ್ತಿದ್ದ ಯುವಕ

1979ರಲ್ಲಿ ಜಪಾನಿನ ಶಾಲಾಮಕ್ಕಳನ್ನು ಒಂದು ಗಾಳಿಸುದ್ದಿ ನಡುಗಿಸಿತ್ತು. ಬಾಯಿಗೆ ಮಾಸ್ಕ್ ಕಟ್ಟಿದ ಹೆಂಗಸೊಬ್ಬಳು ದಾರಿಯಲ್ಲಿ ಅಡ್ಡ ನಿಂತು ನಾನು ಚೆಂದ ಇದ್ದೀನಾ ಎಂದು ಕೇಳುತ್ತಾಳೆ. ಮಾಸ್ಕ್ ತೆಗೆದರೆ ಕಿವಿಯಿಂದ ಕಿವಿಗೆ ಸೀಳಿದ ಬಾಯಿ. ಮಕ್ಕಳು ಗುಂಪುಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರು. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ಮಲಗಿದ ನಮಗೆ ಇದು ಅರ್ಥವಾಗುವ ವಿಷಯ. ಭೂತ ಈಗ ಶಾಲೆಯ ದಾರಿಗೇ ಬಂದಿತ್ತು.

1980ರ ದಶಕದಲ್ಲಿ ಈ ಭಯಕ್ಕೊಂದು ಮಾರುಕಟ್ಟೆ ಹುಟ್ಟಿತು. 1986ರಲ್ಲಿ 'ಹ್ಯಾಲೋವಿನ್' ಎಂಬ ಮಾಸಪತ್ರಿಕೆ ಹೊರಟಿತು. ಹಾರರ್ ಎಂದರೆ ಗಂಡಸರ ರುಚಿ ಎಂದುಕೊಂಡವರಿಗೆ ಆಶ್ಚರ್ಯವಾಗಬಹುದು, ಈ ಬಗೆಯ ಪತ್ರಿಕೆಗಳ ಮುಖ್ಯ ಓದುಗರು ಹದಿಹರೆಯದ ಹುಡುಗಿಯರು. ಕಾನಾಕೊ ಇನುಕಿಯವರಂಥ ಲೇಖಕಿಯರು ಹೆಸರಾದದ್ದೂ ಈ ಅಲೆಯಲ್ಲೇ.

'ಹ್ಯಾಲೋವಿನ್' ಪತ್ರಿಕೆ ಉಮೆಜು ಹೆಸರಿನಲ್ಲಿ ಒಂದು ಸ್ಪರ್ಧೆ ನಡೆಸಿತು. 1987ರಲ್ಲಿ ಅದಕ್ಕೆ ಗಿಫು ಪ್ರಾಂತ್ಯದ ಯುವಕನೊಬ್ಬ ಕಥೆ ಕಳಿಸಿದ. ಕೃತಕ ಹಲ್ಲು ತಯಾರಿಸುವ ಕೆಲಸದಲ್ಲಿದ್ದ, ಅಕ್ಕಂದಿರು ತರುತ್ತಿದ್ದ ಉಮೆಜು ಪುಸ್ತಕಗಳನ್ನು ಓದಿ ಬೆಳೆದ ಜುಂಜಿ ಇತೊ. ಕಥೆ 'ತೊಮಿಯೆ': ಸಹಪಾಠಿಗಳು ಮತ್ತು ಮೇಷ್ಟ್ರು ಸೇರಿ ಕೊಂದು ತುಂಡುಮಾಡಿದ ಹುಡುಗಿ ಆಮೇಲೆ ತರಗತಿಗೆ ಏನೂ ಆಗದವಳಂತೆ ಬರುತ್ತಾಳೆ. ಕತ್ತರಿಸಿದ ಒಂದೊಂದು ತುಂಡೂ ಮತ್ತೊಬ್ಬ ತೊಮಿಯೆ ಆಗುತ್ತದೆ. ಮೊದಲ ಬಹುಮಾನವೇನೂ ಬರಲಿಲ್ಲ, ಮೆಚ್ಚುಗೆಯ ಬಹುಮಾನ ಬಂತು. ಅಷ್ಟು ಸಾಕಾಯಿತು.

ಕುಸಿದ ದಶಕ

1990ರ ದಶಕದಲ್ಲಿ ಜಪಾನಿನ ಆರ್ಥಿಕ ಗುಳ್ಳೆ ಒಡೆಯಿತು. 1995ರ ಜನವರಿಯಲ್ಲಿ ಕೋಬೆ ಭೂಕಂಪ, ಮಾರ್ಚಿನಲ್ಲಿ ಟೋಕಿಯೊ ಸುರಂಗ ರೈಲಿನಲ್ಲಿ ವಿಷಾನಿಲದ ದಾಳಿ. ಮಿನೆತಾರೊ ಮೊಚಿಜುಕಿಯವರ 'ಡ್ರ್ಯಾಗನ್ ಹೆಡ್' 1994ರಲ್ಲೇ ಆರಂಭವಾಗಿತ್ತು. ಶಾಲಾ ಪ್ರವಾಸದ ಮಕ್ಕಳಿದ್ದ ಬುಲೆಟ್ ರೈಲು ಸುರಂಗದೊಳಗೆ ಸಿಕ್ಕಿಕೊಳ್ಳುತ್ತದೆ, ಉಳಿದವರು ಮೂವರೇ. ಅವರ ಶತ್ರು ಬರಿಯ ಕತ್ತಲೆ. ಪುಟಕ್ಕೆ ಪುಟ ಕಪ್ಪು ಶಾಯಿ ಬಳಿದು ಮೊಚಿಜುಕಿ ಆ ಕತ್ತಲೆಗೆ ತೂಕ ಕೊಡುತ್ತಾರೆ.

ಇದೇ ಕಾಲದ ಹಿತೋಶಿ ಇವಾಕಿಯವರ 'ಪ್ಯಾರಸೈಟ್' ಹೊಸಬರಿಗೆ ಹೇಳಿಮಾಡಿಸಿದ್ದು. ಮೆದುಳಿಗೆ ಹೊಕ್ಕು ಮನುಷ್ಯರನ್ನು ಆಳುವ ಪರಜೀವಿಯೊಂದು ದಾರಿತಪ್ಪಿ ಶಿನಿಚಿ ಎಂಬ ಹುಡುಗನ ಬಲಗೈಯಲ್ಲಿ ಉಳಿದುಬಿಡುತ್ತದೆ. ಕೈಗೆ ಕಣ್ಣು, ಬಾಯಿ, ಸ್ವಂತ ಅಭಿಪ್ರಾಯ! ಮೊದಲು ನಗು ಬರುತ್ತದೆ. ಆಮೇಲೆ ಆ ಕೈ, ಮನುಷ್ಯರು ಮಾತ್ರ ಬದುಕಬೇಕೆಂದು ಯಾರು ಹೇಳಿದರು ಎಂಬಂಥ ಪ್ರಶ್ನೆ ಎತ್ತಿದಾಗ ನಗು ನಿಲ್ಲುತ್ತದೆ. ಹತ್ತು ಸಂಪುಟಗಳಲ್ಲಿ ಹೇಳಬೇಕಾದ್ದನ್ನು ಹೇಳಿ ಮುಗಿಸುವ ಕಥೆ.

ದಶಕದ ಕೊನೆಗೆ ಇತೊ ಅವರ 'ಉಜುಮಾಕಿ' (1998–99) ಬಂತು. ಉಜುಮಾಕಿ ಎಂದರೆ ಸುರುಳಿ. ಒಂದು ಊರಿಗೆ ಸುರುಳಿಯ ಆಕಾರವೇ ಶಾಪವಾಗಿ ಅಂಟಿಕೊಳ್ಳುತ್ತದೆ. ಶುಇಚಿ ಎಂಬ ಹುಡುಗನ ತಂದೆ ಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಗೋಡೆಯ ಮೇಲಿನ ಬಸವನಹುಳುವನ್ನು ದಿಟ್ಟಿಸುತ್ತಿರುವುದರಿಂದ ಕಥೆ ಶುರು. ಕೊನೆಗೆ ಆತ ದುಂಡನೆಯ ಮರದ ತೊಟ್ಟಿಯೊಳಗೆ ತನ್ನ ಮೈಯನ್ನೇ ಸುತ್ತಿಕೊಂಡು ಸಾಯುತ್ತಾನೆ. ಅದನ್ನು ಕಂಡ ಹೆಂಡತಿಗೆ ಸುರುಳಿ ಎಂದರೆ ಪ್ರಾಣಭಯ. ಕಂಡ ಸುರುಳಿಯನ್ನೆಲ್ಲ ಮನೆಯಿಂದ ಕಿತ್ತೆಸೆಯುತ್ತಾಳೆ. ತನ್ನ ಬೆರಳ ತುದಿಗಳಲ್ಲೂ ಸುರುಳಿಗಳಿವೆಯೆಂದು ಗೊತ್ತಾದಾಗ ಕತ್ತರಿ ತೆಗೆದುಕೊಳ್ಳುತ್ತಾಳೆ. ಕಿವಿಯೊಳಗೂ ಶಂಖದಂಥ ಸುರುಳಿಯೊಂದಿದೆ ಎಂಬುದನ್ನು ಅವಳಿಗೆ ತಿಳಿಯದಂತೆ ಮುಚ್ಚಿಡಲು ಮಗ ಪಡುವ ಪಾಡು ಓದುಗನ ಪಾಡೂ ಹೌದು. ಪುಸ್ತಕ ಹಿಡಿದ ನಮ್ಮ ಬೆರಳಲ್ಲೂ ಅವು ಇವೆಯಲ್ಲ! ಸ್ಮಶಾನದಿಂದ ಹೊರಟ ಭಯ ಇಲ್ಲಿಗೆ ಮೈಯೊಳಗೆ ಬಂದು ನಿಂತಿತು.

ಮತ್ತೆ ಅಮ್ಮನ ಹತ್ತಿರ

ಆಮೇಲಿನವರು ಹಲವು ಕವಲು ಹಿಡಿದರು. ಮಸಾಕಿ ನಾಕಾಯಾಮಾ 'ಫುಆನ್ ನೊ ತಾನೆ'ಯಲ್ಲಿ ಕೆಲವೇ ಪುಟಗಳ ತುಣುಕುಗಳನ್ನು ಬರೆದರು. ಏನೋ ಕಾಣುತ್ತದೆ, ಅಷ್ಟೇ, ವಿವರಣೆ ಇಲ್ಲ. ಕೆಂಗೊ ಹನಾಜಾವಾ ಅವರ 'ಐ ಆ್ಯಮ್ ಎ ಹೀರೋ' (2009–17) ಜಾಂಬಿ ಕಥೆಯಾದರೂ ಮೊದಲ ಸಂಪುಟ ಬಹುಪಾಲು ಸೋತ ಮಾಂಗಾ ಕಲಾವಿದನೊಬ್ಬನ ದಿನಚರಿ. ತೊಮೊಕಿ ಇಜುಮಿಯವರ 'ಮಿಯೆರುಕೊ-ಚಾನ್' ನಗಿಸುತ್ತಲೇ ಹೆದರಿಸುತ್ತದೆ: ಭೂತಗಳು ಕಣ್ಣಿಗೆ ಬಿದ್ದರೂ ಕಾಣದವಳಂತೆ ನಟಿಸುವುದೇ ಅದರ ನಾಯಕಿಯ ಸಾಹಸ.

ಎಲ್ಲಕ್ಕಿಂತ ನನ್ನನ್ನು ಕಲಕಿದ್ದು ಶೂಜೊ ಒಶಿಮಿಯವರ 'ಬ್ಲಡ್ ಆನ್ ದ ಟ್ರ್ಯಾಕ್ಸ್' (2017–23). ಬೆಳಗಿನ ತಿಂಡಿಗೆ ಏನು ಬೇಕೆಂದು ಅಕ್ಕರೆಯಿಂದ ಕೇಳುವ ತಾಯಿ, ಹದಿಮೂರರ ಮಗ. ಬೆಟ್ಟ ಹತ್ತಲು ಹೋದ ದಿನ ಅವಳು ಮಾಡಿದ ಒಂದು ಕೆಲಸವನ್ನು ಅವನು ಕಣ್ಣಾರೆ ನೋಡುತ್ತಾನೆ. ಮತ್ತೊಂದು ಬೆಳಗ್ಗೆ ಅದೇ ಮೇಜು, ಅದೇ ಅಕ್ಕರೆಯ ಮುಖ. ಎಷ್ಟೋ ಪುಟಗಳಲ್ಲಿ ಮಾತೇ ಇಲ್ಲ, ಬರೀ ಅವಳ ಮುಖ. ಉಮೆಜು ಅಮ್ಮನನ್ನು ಹೆದರಿಸುವವಳನ್ನಾಗಿಸಲು ಹಾವನ್ನು ತರಬೇಕಾಯಿತು. ಅರ್ಧ ಶತಮಾನದ ಮೇಲೆ ಒಶಿಮಿಗೆ ಹಾವು ಬೇಕಾಗಲಿಲ್ಲ.

ಇತ್ತೀಚಿನದರಲ್ಲಿ ಮೊಕುಮೊಕುರೆನ್ ಅವರ 'ದ ಸಮ್ಮರ್ ಹಿಕಾರು ಡೈಡ್' (2021ರಿಂದ) ಓದಲೇಬೇಕು. ಬೆಟ್ಟದಲ್ಲಿ ಕಾಣೆಯಾದ ಗೆಳೆಯ ಮರಳಿ ಬಂದಿದ್ದಾನೆ, ಆದರೆ ಬಂದಿರುವುದು ಅವನಲ್ಲ ಎಂದು ಯೋಶಿಕಿ ಎಂಬ ಹುಡುಗನಿಗೆ ಗೊತ್ತು. ಗೊತ್ತಿದ್ದೂ ಕಳೆದುಕೊಳ್ಳಲು ಮನಸ್ಸಿಲ್ಲ. ಹಳ್ಳಿಯ ಬೇಸಿಗೆಯ ಜೀರುಂಡೆಯ ಸದ್ದು ಅಕ್ಷರಗಳಾಗಿ ಚೌಕಗಳನ್ನೇ ನುಂಗುತ್ತದೆ. ಮಲೆನಾಡಿನವರಿಗೆ ಆ ಪುಟಗಳು ಕಿವಿಗೇ ಕೇಳಿಸುತ್ತವೆ.

ಓದುವ ಬಗೆ

ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಪುಸ್ತಕದಂಗಡಿಗಳ ಮಾಂಗಾ ಕಪಾಟಿನಲ್ಲಿ ಇತೊ ಅಂತೂ ಸುಲಭವಾಗಿ ಸಿಗುತ್ತಾರೆ. ನನ್ನ ಸಲಹೆ ಇಷ್ಟು: ಮೊದಲು ಅಮಿಗಾರಾ ಕಥೆ, ಅದು ಇತೊ ಅವರ 'ಗ್ಯೊ' ಪುಸ್ತಕದ ಕೊನೆಯಲ್ಲಿದೆ. ಹಿಡಿಸಿದರೆ 'ಉಜುಮಾಕಿ'. ಕಥೆಯ ಓಟ ಬೇಕೆಂದರೆ 'ಪ್ಯಾರಸೈಟ್'. ನಂತರ ಹಿಂದಕ್ಕೆ ಹೋಗಿ ಉಮೆಜು, ಮುಂದಕ್ಕೆ ಬಂದು ಒಶಿಮಿ. ಹಿದೆಶಿ ಹಿನೊ ಅವರ 'ಪನೋರಮಾ ಆಫ್ ಹೆಲ್' ಬಹಳ ಶಕ್ತವಾದದ್ದು, ಆದರೆ ತನ್ನದೇ ರಕ್ತದಿಂದ ನರಕದ ಚಿತ್ರ ಬರೆಯುವವನ ಆ ಕಥೆ ಹೊಸಬರಿಗೆ ಬೇಡ. ಈ ಪಟ್ಟಿಯಲ್ಲಿ 'ಉಜುಮಾಕಿ'ಯಿಂದ ಮುಂದಿನದೆಲ್ಲ ದೊಡ್ಡವರಿಗೆ, ಮಕ್ಕಳ ಕೈಗಲ್ಲ.

ಪುಸ್ತಕವನ್ನು ನಮ್ಮ ಲೆಕ್ಕದ ಕೊನೆಯ ಪುಟದಿಂದ ತೆರೆದು ಬಲದಿಂದ ಎಡಕ್ಕೆ ಓದಬೇಕು. ಎಡ ಪುಟದ ಕೆಳಮೂಲೆಯ ಕೊನೆಯ ಚೌಕದಲ್ಲಿ ಸಾಮಾನ್ಯವಾಗಿ ಯಾರೋ ಏನನ್ನೋ ನೋಡಿ ಕಣ್ಣರಳಿಸಿರುತ್ತಾರೆ. ಏನು ಕಂಡಿತು ಎಂಬುದು ಪುಟದ ಹಿಂದೆ. ಜಪಾನಿನ ಕಲಾವಿದರು ಈ ಹೊರಳಿಗೆ 'ಮೆಕುರಿ' ಅನ್ನುತ್ತಾರೆ, ಕಥೆಯನ್ನು ಇದಕ್ಕೆ ತಕ್ಕಂತೆ ಅಳೆದು ಕೂರಿಸುತ್ತಾರೆ. ಸಿನಿಮಾದಲ್ಲಿ ಭಯ ತಾನಾಗಿ ಮೈಮೇಲೆ ಬೀಳುತ್ತದೆ, ಕಣ್ಣು ಮುಚ್ಚಿದರೂ ಮುಂದಿನ ದೃಶ್ಯ ಬಂದೇ ಬರುತ್ತದೆ. ಇಲ್ಲಿ ಪುಟ ತಿರುವದಿದ್ದರೆ ಏನೂ ಆಗುವುದಿಲ್ಲ. ಪುಸ್ತಕ ಮುಚ್ಚಿಟ್ಟು ಎದ್ದು ಹೋಗಬಹುದು, ಯಾರೂ ತಡೆಯುವವರಿಲ್ಲ. ಅಮಿಗಾರಾ ಗುಡ್ಡದ ಮುಂದೆ ನಿಂತವರನ್ನೂ ಯಾರೂ ಒಳಗೆ ತಳ್ಳಿರಲಿಲ್ಲ.