ಬೆರಳ ತುದಿಗೆ ಬಂದ ಗುಟ್ಟಿನ ಮತ

1953ರಲ್ಲಿ ನಡೆದ ಒಂದು ಉಪಚುನಾವಣೆಯಲ್ಲಿ ಕಲ್ಕತ್ತದ ಮತದಾರರು ಸಾಧನ್ ಗುಪ್ತ ಎಂಬ ವಕೀಲರನ್ನು ಲೋಕಸಭೆಗೆ ಆರಿಸಿ ಕಳಿಸಿದರು. ಶ್ಯಾಮಪ್ರಸಾದ್ ಮುಖರ್ಜಿಯವರ ನಿಧನದಿಂದ ತೆರವಾಗಿದ್ದ ಸ್ಥಾನ ಅದು. ಗೆದ್ದವರು ಕಮ್ಯುನಿಸ್ಟ್ ಪಕ್ಷದವರು. ಎಳವೆಯಲ್ಲೇ ಸಿಡುಬಿನಿಂದ ದೃಷ್ಟಿ ಕಳೆದುಕೊಂಡಿದ್ದ ಗುಪ್ತ ಸ್ವತಂತ್ರ ಭಾರತದ ಸಂಸತ್ತನ್ನು ಪ್ರವೇಶಿಸಿದ ಮೊದಲ ಅಂಧ ಸದಸ್ಯ. ಲಕ್ಷಾಂತರ ಜನರ ಪರವಾಗಿ ದೆಹಲಿಯಲ್ಲಿ ಮಾತನಾಡಬಲ್ಲ ಈ ಮನುಷ್ಯ, ತಮ್ಮ ಊರಿನ ಮತಗಟ್ಟೆಯಲ್ಲಿ ತಮ್ಮದೊಂದು ಮತವನ್ನು ಯಾರಿಗೂ ತಿಳಿಯದಂತೆ ಹಾಕುವ ಹಾಗಿರಲಿಲ್ಲ.

ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮತಪೆಟ್ಟಿಗೆ, ಅದರ ಮೇಲೊಂದು ಚಿಹ್ನೆ. ಜೋಡೆತ್ತನ್ನೋ ಗುಡಿಸಲನ್ನೋ ಗುರುತಿಸಿ ಚೀಟಿ ಹಾಕಿದರೆ ಮುಗಿಯಿತು. ಓದುಬರಹ ಬಾರದ ಕೋಟ್ಯಂತರ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಜಾಣ ಏರ್ಪಾಡು ಅದು. ಆದರೆ ನಿರಕ್ಷರಿಗೆ ದಾರಿ ತೋರಿದ ಚಿತ್ರವೇ ಕಣ್ಣು ಕಾಣದವರಿಗೆ ಅಡ್ಡಗೋಡೆಯಾಯಿತು. ಮುಂದೆ 60ರ ದಶಕದಲ್ಲಿ ಎಲ್ಲ ಚಿಹ್ನೆಗಳೂ ಒಂದೇ ಮತಪತ್ರಕ್ಕೆ ಬಂದು, ಮುದ್ರೆ ಒತ್ತುವ ಪದ್ಧತಿ ಬಂದಾಗಲೂ ಈ ತೊಡಕು ಹಾಗೆಯೇ ಉಳಿಯಿತು.

1961ರ ಚುನಾವಣಾ ನಿಯಮಗಳು ಇದಕ್ಕೆ ಒಂದು ಪರಿಹಾರ ಹೇಳಿದವು: ಅಂಧ ಅಥವಾ ಅಶಕ್ತ ಮತದಾರ ಜೊತೆಗಾರನೊಬ್ಬನನ್ನು ಒಳಗೆ ಕರೆದೊಯ್ಯಬಹುದು. ಜೊತೆಗಾರ ವಯಸ್ಕನಾಗಿರಬೇಕು, ಒಂದು ದಿನಕ್ಕೆ ಒಬ್ಬರಿಗೆ ಮಾತ್ರ ನೆರವಾಗಬೇಕು, ಗುಟ್ಟು ಕಾಪಾಡುತ್ತೇನೆಂದು ಬರೆದುಕೊಡಬೇಕು.

ಈ ಪರಿಹಾರಕ್ಕೆ ಬ್ರಿಟನ್ನಿನಲ್ಲಿ ಒಂದು ಪೂರ್ವಕಥೆ ಇದೆ. ಅಲ್ಲಿ ಗುಟ್ಟಿನ ಮತದಾನವನ್ನು ಜಾರಿಗೆ ತಂದದ್ದು 1872ರ ಕಾಯಿದೆ. ಅಂಧರ ಮತಪತ್ರಕ್ಕೆ ಮತಗಟ್ಟೆಯ ಅಧಿಕಾರಿಯೇ ಗುರುತು ಹಾಕಬೇಕು, ಅದೂ ಅಭ್ಯರ್ಥಿಗಳ ಏಜೆಂಟರ ಎದುರಿಗೆ, ಎಂದಿತ್ತು ಅದೇ ಕಾಯಿದೆ! ಎಲ್ಲರಿಗೂ ಗುಟ್ಟನ್ನು ಕೊಟ್ಟ ಕಾನೂನು ಅವರಿಗೆ ಮಾತ್ರ ಸಾರ್ವಜನಿಕ ಮತವನ್ನು ಉಳಿಸಿತ್ತು. ತಮಗೆ ಬೇಕಾದವರನ್ನು ಜೊತೆಗೆ ಕರೆದೊಯ್ಯುವ ಅವಕಾಶ ಸಿಕ್ಕಿದ್ದು 1933ರಲ್ಲಿ. ಆ ಲೆಕ್ಕದಲ್ಲಿ ನಮ್ಮ ನಿಯಮ ವಾಸಿ.

ನಂಬಿಕಸ್ಥ ಮಗನೋ ಮಗಳೋ ಇರುವಾಗ ತೊಂದರೆಯೇನು ಎಂದು ಕೇಳಬಹುದು. ಆದರೆ ಮತದ ಗುಟ್ಟು ಬೇಕಾಗುವುದು ಅನೇಕ ವೇಳೆ ಊರವರಿಂದಲ್ಲ, ಮನೆಯವರಿಂದಲೇ. ಮನೆಯ ಯಜಮಾನನ ಪಕ್ಷಕ್ಕೆ ಮತ ಹಾಕಲೊಲ್ಲದ ಅಂಧ ಅತ್ತೆಯೋ ತಂಗಿಯೋ ಆತನ ಮಗನ ಕೈಹಿಡಿದು ಒಳಗೆ ಹೋದರೆ ಬಾಯಿಬಿಟ್ಟು ಹೇಳಬೇಕು; ಹೇಳಿದ ಮೇಲೂ ಮುದ್ರೆ ಎಲ್ಲಿ ಬಿತ್ತೆಂದು ತಿಳಿಯುವುದಿಲ್ಲ.

2004ರವರೆಗೆ ಇದು ದೊಡ್ಡ ಚರ್ಚೆಯಾಗಲಿಲ್ಲ. ಆ ವರ್ಷದ ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಜಾವೇದ್ ಅಬಿದಿ ಮತ್ತು ಅವರ ಅಂಗವಿಕಲರ ಹಕ್ಕುಗಳ ಗುಂಪು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ನಮ್ಮ ಮತಗಟ್ಟೆಗಳು ಹೆಚ್ಚಾಗಿ ಶಾಲೆಗಳು. ಮೂರೋ ನಾಲ್ಕೋ ಮೆಟ್ಟಿಲು ಹತ್ತಲಾಗದೆ ಎಷ್ಟೋ ಜನ ಮನೆಯಲ್ಲೇ ಉಳಿಯುತ್ತಿದ್ದರು. ಚುನಾವಣೆ ನಡೆಯುತ್ತಿರುವಾಗಲೇ, ಏಪ್ರಿಲ್‌ನಲ್ಲಿ, ಮರದ ಇಳಿಜಾರು ಹಾಕಿಸಿ ಎಂದು ಕೋರ್ಟ್ ಆದೇಶಿಸಿತು. ಮತಯಂತ್ರಕ್ಕೆ ಬ್ರೈಲ್ ಅಳವಡಿಸುವ ವಿಷಯವೂ ಅದೇ ಮೊಕದ್ದಮೆಯಲ್ಲಿ ಎದ್ದಿತು.

ಆ ಮತಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಇನ್ನೊಂದು ಹೈದರಾಬಾದಿನದು. ಬೇಕಾಗಿದ್ದ ಬದಲಾವಣೆ ತೀರಾ ಸರಳ. ಪ್ರತಿ ನೀಲಿ ಗುಂಡಿಯ ಪಕ್ಕ 1ರಿಂದ 16ರವರೆಗೆ ಉಬ್ಬು ಚುಕ್ಕಿಗಳಲ್ಲಿ ಅಂಕಿ. ಮತದಾರ ಮೊದಲು ಬ್ರೈಲ್‌ನಲ್ಲಿ ಮುದ್ರಿಸಿದ ಅಭ್ಯರ್ಥಿಗಳ ಪಟ್ಟಿಯನ್ನು ಬೆರಳಿನಿಂದ ಸವರಿ ಓದುತ್ತಾನೆ, ಕ್ರಮಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತಾನೆ, ಮರೆಯೊಳಗೆ ಹೋಗಿ ಆ ಅಂಕಿಯನ್ನು ತಡವಿ ಪಕ್ಕದ ಗುಂಡಿ ಒತ್ತುತ್ತಾನೆ. ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ಲಿಪಿ ರೂಪುಗೊಂಡದ್ದು 1951ರಲ್ಲಿ, ಅಂದರೆ ಮೊದಲ ಮಹಾಚುನಾವಣೆ ಆರಂಭವಾದ ವರ್ಷವೇ. ಎರಡೂ ಮತಗಟ್ಟೆಯೊಳಗೆ ಭೇಟಿಯಾಗಲು ಅರ್ಧ ಶತಮಾನ ಹಿಡಿಯಿತು. ಮೊದಲ ಪ್ರಯೋಗ ನಡೆದದ್ದು 2004ರಲ್ಲಿ, ಹೈದರಾಬಾದಿನ ಆಸಿಫ್‌ನಗರದ ವಿಧಾನಸಭಾ ಉಪಚುನಾವಣೆಯಲ್ಲಿ. 2009ರ ಲೋಕಸಭಾ ಚುನಾವಣೆಯ ಹೊತ್ತಿಗೆ ಚುಕ್ಕಿಗಳು ದೇಶದ ತುಂಬ ಹರಡಿದವು. 2015ರಲ್ಲಿ, ತೊಂಬತ್ತೇಳರ ವಯಸ್ಸಿನಲ್ಲಿ ತೀರಿಕೊಂಡ ಸಾಧನ್ ಗುಪ್ತ ಆ ಕಾಲದವರೆಗೂ ಬದುಕಿದ್ದರು.

ಬ್ರೈಲ್ ಕಲಿಯದ ಅಂಧರೂ ಬಹಳ ಮಂದಿ ಇದ್ದಾರೆ, ವಯಸ್ಸಾದ ಮೇಲೆ ದೃಷ್ಟಿ ಹೋದವರಂತೂ ಸರಿಯೇ. ಅವರಿಗಾಗಿ ಜೊತೆಗಾರನ ನಿಯಮ ಇಂದಿಗೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಮತಗಟ್ಟೆಗಳೂ ಚುನಾವಣಾ ಸಾಮಗ್ರಿಯೂ ಎಲ್ಲರ ಕೈಗೆಟುಕಬೇಕೆಂದು ಆಯೋಗಕ್ಕೆ ವಿಧಿಸಿತು. ಆದರೆ ಎಲ್ಲ ಮತಗಟ್ಟೆಗಳಲ್ಲೂ ಮತ ಖಾತರಿ ಯಂತ್ರವನ್ನು ಇಟ್ಟ 2019ರ ಲೋಕಸಭಾ ಚುನಾವಣೆಯಲ್ಲಿ ಹಳೆಯ ಗೋಡೆ ಮತ್ತೆ ಎದುರಾಯಿತು. ಗಾಜಿನ ಹಿಂದೆ ಚೀಟಿ ಏಳು ಸೆಕೆಂಡ್ ಕಾಣಿಸಿ ಕೆಳಗೆ ಬೀಳುತ್ತದೆ. ಅಂಧರ ಪಾಲಿಗೆ ಮತ ದಾಖಲಾಯಿತೆನ್ನಲು ಯಂತ್ರದ 'ಬೀಪ್' ಸದ್ದೊಂದೇ ಗುರುತು.

ಕರ್ನಾಟಕದಲ್ಲಿ 2023ರ ವಿಧಾನಸಭಾ ಚುನಾವಣೆಯಿಂದ ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಉಳ್ಳವರು ಮನೆಯಿಂದಲೇ ಮತ ಹಾಕುವಂತಾಗಿದೆ. ಹಾಸಿಗೆ ಹಿಡಿದವರಿಗೆ, ನಡೆಯಲಾರದವರಿಗೆ ಇದು ದೊಡ್ಡ ಉಪಕಾರ. ಆದರೆ ಮನೆ ಬಾಗಿಲಿಗೆ ಬರುವುದು ಯಂತ್ರವಲ್ಲ, ಕಾಗದದ ಮತಪತ್ರ. ಕಣ್ಣು ಕಾಣದವರು ಅದಕ್ಕೆ ಗುರುತು ಹಾಕಲು ಜೊತೆಗಾರನ ನೆರವು ಪಡೆಯಬಹುದು. ಒಮ್ಮೆ ಈ ಸೌಲಭ್ಯ ಒಪ್ಪಿಕೊಂಡವರಿಗೆ ಆ ಚುನಾವಣೆಯಲ್ಲಿ ಮತಗಟ್ಟೆಗೆ ಹೋಗಿ ಮತ ಹಾಕುವ ಅವಕಾಶವಿಲ್ಲ. ಹಾಗಾಗಿ ಚುಕ್ಕಿಗಳಿರುವ ಯಂತ್ರದ ಬಳಿಗೆ ಹೋಗುವುದೋ, ಮನೆಯಲ್ಲೇ ಕುಳಿತು ಇನ್ನೊಬ್ಬರ ಕೈಗೆ ಮತ ಒಪ್ಪಿಸುವುದೋ ಎಂಬುದನ್ನು ಅವರು ಅರ್ಜಿ ತುಂಬುವಾಗಲೇ ತೀರ್ಮಾನಿಸಬೇಕು.