ಹಳಿ ಮತ್ತು ಹಗೇವು

ಇಂಡಿ ತಾಲೂಕಿನ ಲಚ್ಯಾಣವನ್ನು ಹಾದುಹೋಗುವ ಹೋಟಗಿ–ಗದಗ ರೈಲುಮಾರ್ಗವು, ಧಾತು ಸಂವತ್ಸರದ, ಅಂದರೆ 1876ರ, ಭೀಕರ ಕ್ಷಾಮವು ಕಳೆದು ದಶಕವೊಂದು ತುಂಬುವ ಮುನ್ನವೇ ಸಿದ್ಧವಾಯಿತು. 1884ರಲ್ಲಿ ಜೇಮ್ಸ್ ಕ್ಯಾಂಬೆಲ್ಲನ ಸಂಪಾದಕತ್ವದಲ್ಲಿ ಹೊರಬಂದ ಬಿಜಾಪುರದ ಗೆಜೆಟಿಯರು, ಮಳೆಯನ್ನೂ ಬೆಳೆಯನ್ನೂ ಕಂದಾಯವನ್ನೂ ಎಂತಹ ಶ್ರದ್ಧೆಯಿಂದ ಎಣಿಸಿತೆಂದರೆ, ಅದನ್ನು ಬದಿಗಿಟ್ಟು ಈ ಸೀಮೆಯ ಚರಿತ್ರೆಯನ್ನು ಬರೆಯುವುದು ಇಂದಿಗೂ ದುಸ್ಸಾಧ್ಯ. ಆದರೂ ಅದು ಕಚೇರಿಯ ಮೇಜಿನಿಂದ ಕಂಡ ನಾಡು. ಆಳುವವರ ದೃಷ್ಟಿಯಲ್ಲಿ ಹಳಿಯು ಕ್ಷಾಮನಿವಾರಣೆಯ ಸಾಧನ (ಹತ್ತಿಯ ವ್ಯಾಪಾರವನ್ನು ಅವರು ಮರೆತಿದ್ದರೆಂದು ನಾನಂತೂ ನಂಬೆನು); ಎರೆಹೊಲದ ಒಕ್ಕಲಿಗನಿಗಾದರೋ, ಕಾಳು ತರಬಲ್ಲ ಬಂಡಿಯೇ ತನ್ನ ಹಗೇವಿನಲ್ಲಿ ಹೂತಿಟ್ಟ ಬಿಳಿಜೋಳವನ್ನು ದೂರದ ಪೇಟೆಗೆ ಒಯ್ಯಲೂ ಬಲ್ಲುದೆಂಬ ಶಂಕೆ ಮೂಡಿದ್ದರೆ ಅಚ್ಚರಿಯೇನು? ಅವನ ಬಳಿ ಲೇಖನಿಯಿರಲಿಲ್ಲ. 1885ರಲ್ಲಿ ಜಿಲ್ಲೆಯ ಕಚೇರಿಗಳೇ ಕಲಾದಗಿಯಿಂದ ಹಳಿಯ ಬಳಿಯ ಬಿಜಾಪುರಕ್ಕೆ ಬಂದುವು.