ಬಾಪನ ಎದೆಯೊಳಗಿನ ಬಟ್ಟೆ

ನನ್ನ ಬಾಪ ಬಿ.ಸಿ. ರೋಡಿನಲ್ಲಿ ಬಟ್ಟೆ ಅಂಗಡಿ ನಡೆಸಿದವರು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಸಾಂಗ್ಲಿ, ಮಿರಜ್ ಪಕ್ಕದ ಕುಪ್ವಾಡದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೇನೆ. ನನ್ನ ಮನೆಗೆ ಬಂದಿದ್ದಾಗ ಒಂದು ರಾತ್ರಿ ಬಾಪನಿಗೆ ಇದ್ದಕ್ಕಿದ್ದಂತೆ ಎದೆಯಿಂದ ಬೆನ್ನಿಗೆ ಸೀಳಿದಂಥ ನೋವು. ಗ್ಯಾಸ್ ಇರಬೇಕೆಂದು ಜೀರಿಗೆ ನೀರು ಕುಡಿಸಿ ಒಂದು ಗಂಟೆ ಕಳೆದೆ. ಆ ಗಂಟೆ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಮಿರಜ್‌ನ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು: ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾದ ಒಳಪದರ ಹರಿದಿದೆ, ರಕ್ತ ಪದರಗಳ ನಡುವೆ ನುಗ್ಗುತ್ತಿದೆ. ಹೃದಯದ ಹತ್ತಿರವೇ ಹೀಗೆ ಹರಿದರೆ, ಆಪರೇಷನ್ ಆಗದಿದ್ದಲ್ಲಿ ಮೊದಲ 2 ದಿನ ಗಂಟೆಗೆ ಶೇ. 1ರಿಂದ 2ರಷ್ಟು ಮಂದಿ ಸಾಯುತ್ತಾರೆಂಬುದು ವೈದ್ಯರ ಹಳೆಯ ಲೆಕ್ಕ.

ಮಿರಜ್ ಹಿಂದಿನಿಂದಲೂ ಆಸ್ಪತ್ರೆಗಳ ಊರು. ಕೆನಡಾದಲ್ಲಿ ಹುಟ್ಟಿದ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಇಲ್ಲಿ ಆಸ್ಪತ್ರೆ ತೆರೆದರು. ಬೆಳಗಾವಿ, ವಿಜಯಪುರ ಕಡೆಯ ಕನ್ನಡಿಗರು ಇಂದಿಗೂ ಚಿಕಿತ್ಸೆಗೆ ಈ ಊರಿಗೆ ಬರುತ್ತಾರೆ. ಆದರೆ ವಾನ್ಲೆಸ್ ಕಾಲದಲ್ಲಿ ಹರಿದ ಅಯೋರ್ಟಾವನ್ನು ಸರಿಪಡಿಸುವವರು ಜಗತ್ತಿನಲ್ಲೇ ಇರಲಿಲ್ಲ. 1760ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಜಾರ್ಜ್ ತೀರಿಕೊಂಡಾಗ, ಅವನ ದೇಹ ಕೊಯ್ದು ನೋಡಿದ ವೈದ್ಯರಿಗೆ ಇದೇ ಹರಿತ ಕಂಡಿತ್ತು.

ದಾರಿ ತೆರೆದದ್ದು ಎರಡು ವಸ್ತುಗಳು: ಪಂಪ್ ಮತ್ತು ಬಟ್ಟೆ. 1953ರಲ್ಲಿ ಅಮೆರಿಕದ ಜಾನ್ ಗಿಬ್ಬನ್ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಯಂತ್ರ ಬಳಸಿ ಯಶಸ್ವಿಯಾಗಿ ಹೃದಯದ ಆಪರೇಷನ್ ಮಾಡಿದರು. ಹ್ಯೂಸ್ಟನ್‌ನ ಮೈಕೆಲ್ ಡಿಬೇಕಿ ಅಂಗಡಿಯಿಂದ ಡೆಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆ ತಂದು, ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದರು. ಪದರ ಸೀಳಿದ ಅಯೋರ್ಟಾದ ಆಪರೇಷನ್‌ನಲ್ಲಿ ಅವರ ತಂಡ 1954ರಲ್ಲಿ ಯಶಸ್ಸು ಕಂಡಿತು. 2005ರ ಕೊನೆಯ ದಿನ ಅದೇ ರೋಗ ಅವರನ್ನೇ ಹಿಡಿಯಿತು. 97ರ ವಯಸ್ಸಿನಲ್ಲಿ ಆಪರೇಷನ್ ಆಗಿ, ಮತ್ತೆರಡು ವರ್ಷ ಬದುಕಿದರು.

ಬಾಪನಿಗೂ ಮಾಡಿದ್ದು ಅದೇ. ಮೈ ತಣ್ಣಗಾಗಿಸಿ, ರಕ್ತವನ್ನು ಯಂತ್ರಕ್ಕೆ ತಿರುಗಿಸಿ, ಹರಿದ ಭಾಗ ಕತ್ತರಿಸಿ ಪಾಲಿಯೆಸ್ಟರ್ ಕೊಳವೆ ಹೊಲಿದರು. ಅಲ್‌ಹಮ್ದುಲಿಲ್ಲಾಹ್, ಬಾಪ ಉಳಿದರು. ವಾರ್ಡಿಗೆ ಬಂದ ಮೇಲೆ ವಿಷಯ ಹೇಳಿದೆ. “ಪಾಲಿಯೆಸ್ಟರಾ? ಮೀಟರಿಗೆ ಎಷ್ಟಂತೆ ಮೋನೇ?” ಎಂದು ಕೇಳಿದರು.

ಬಾಪ ಬಿ.ಪಿ. ಮಾತ್ರೆಯನ್ನು ತಿಂಗಳುಗಟ್ಟಲೆ ಬಿಟ್ಟಿದ್ದರು. ಹೆಚ್ಚಿನ ಬಿ.ಪಿ.ಯೇ ಈ ರೋಗದ ದೊಡ್ಡ ಕಾರಣ. ನಿಮ್ಮ ಮನೆಯ ಹಿರಿಯರ ಮಾತ್ರೆ ಇವತ್ತೇ ವಿಚಾರಿಸಿ. ಎದೆಯೋ ಬೆನ್ನೋ ಸೀಳಿದಂತೆ ನೋವು ಬಂದರೆ ಜೀರಿಗೆ ನೀರು ಕಾಯಿಸುತ್ತಾ ಕೂರಬೇಡಿ, ಗಾಡಿ ತೆಗೆಯಿರಿ.